ಗೇಟಿನ ನಡುಕ

ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡಬೇಕು, ಮಗು ತುಟಿ ನೋಡದೆ ಕೇಳಿಸಿಕೊಳ್ಳಲಿಕ್ಕೆ ಕಲಿಯಲಿ ಎಂದು ರೈಹಾನಾ ಮೇಡಂ ಹೇಳಿದರು. ಹೇಳಿ, ಹಾಗೆಯೇ ಮಾಡಿ ತೋರಿಸಿದರು. ಅವರ ತುಟಿಗಳು ಅಂಗೈಯ ಹಿಂದೆ ಮರೆಯಾದವು. ಧ್ವನಿ ಮಾತ್ರ ಹೊರಗೆ ಬಂತು. ಮೋಕ್ಷಾ, ಚೆಂಡು ಎಲ್ಲುಂಟು? ಮೋಕ್ಷಾ ಚೆಂಡನ್ನು ನೋಡಲಿಲ್ಲ, ಅವರ ಕೈಯನ್ನೇ ನೋಡಿದಳು. ಆಮೇಲೆ ಅಮ್ಮ ಅಕ್ಷಿತಾಳ ಕಡೆ ತಿರುಗಿ ತನ್ನ ಕೆನ್ನೆಗೆ ಅಂಗೈಯಿಟ್ಟು ಮುಖ ಕಿವುಚಿದಳು. ಮೇಡಮ್ಮಿಗೆ ಹಲ್ಲುನೋವಾ? ಅಕ್ಷಿತಾಳಿಗೆ ನಗು ಬಂತು. ಎಷ್ಟೋ ಕಾಲದ ಮೇಲೆ ಬಂದ ನಗು. ಹೌದು ಎಂದು ಮಗುವಿಗೆ ತಲೆಯಾಡಿಸಿಬಿಟ್ಟಳು.

"ಅದೇ," ರೈಹಾನಾ ಮೇಡಂ ಕೈ ಇಳಿಸಿದರು. "ಅದನ್ನೇ ನೀವು ಮಾಡಬಾರದು. ಅವಳು ಕೈಯಲ್ಲಿ ಹೇಳಿದ್ದಕ್ಕೆಲ್ಲ ನೀವು ತಲೆಯಾಡಿಸಿದ್ರೆ ಅವಳಿಗೆ ಬಾಯಿ ಯಾಕೆ ಬೇಕು? ಎಂತ ಬೇಕಾದ್ರೂ ಮಾಡಲಿ, ಅರ್ಥ ಆಗದವರ ಹಾಗೆ ತಲೆ ಗಟ್ಟಿ ಹಿಡಿದು ಕೂತುಕೊಳ್ಳಿ. ಕಷ್ಟ ಉಂಟು. ನನಗೆ ಗೊತ್ತುಂಟು."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅಕ್ಷಿತಾಳಿಗೆ ಸುಲಭವಾಗುತ್ತಿತ್ತು. ಅತ್ತಾವರದ ಆ ಎರಡನೆಯ ಮಹಡಿಯ ಕೋಣೆಯಲ್ಲಿ ಎಲ್ಲವೂ ಮೆತ್ತಗಿತ್ತು. ಗೋಡೆಗೆ ಸ್ಪಂಜು, ನೆಲಕ್ಕೆ ಚಾಪೆ, ಬಾಗಿಲಿಗೆ ರಬ್ಬರು. ಗಾಜಿನ ಆಚೆಯ ಕೋಣೆಯಲ್ಲಿ ಮೋಕ್ಷಾಳಷ್ಟೇ ಎತ್ತರದ ಒಬ್ಬಳು ಹುಡುಗಿ, ಮೋಕ್ಷಾಳ ಹಾಗೆಯೇ ಕಿವಿಯ ಮೇಲೆ ಯಂತ್ರ, ಕೂದಲಿನ ನಡುವೆ ಅಯಸ್ಕಾಂತದಿಂದ ಅಂಟಿಕೊಂಡ ಬಿಲ್ಲೆ, ತನ್ನ ತಾಯಿಯ ಮುಚ್ಚಿದ ಬಾಯನ್ನು ನೋಡದೆ, ಆಟದ ಆನೆಯನ್ನು ತಳ್ಳುತ್ತ, ಆನೆ ಬಂತು ಎಂದಳು. ಸ್ವಲ್ಪ ತೊದಲಿತ್ತು, ಆದರೆ ಆನೆ ಬಂತು ಎಂದೇ ಹೇಳಿದ್ದು. ಅಕ್ಷಿತಾ ಇದನ್ನು ಕೇಳಬಾರದಿತ್ತು. ಕೇಳಿದ ಮೇಲೆ ಗಂಡ ರೋಷನ್ ನೆನಪಾಗದೆ ಇರುವುದು ಹೇಗೆ? ಅಪ್ಪ ಅಂತ ಒಮ್ಮೆ ಕರೀಲಿ, ಮತ್ತೆ ಬೇಕಾದ್ರೆ ಜನ್ಮದಲ್ಲಿ ಮಾತಾಡದಿರಲಿ ಎಂದು ಮಗುವಿನ ಕಿವಿಯ ಆಪರೇಷನ್ನಿನ ಹಿಂದಿನ ದಿನ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಚಹಾದ ಲೋಟ ತಿರುಗಿಸುತ್ತ ಹೇಳಿದ್ದ. ಯಂತ್ರ ಮೊದಲ ಸಲ ಶುರು ಮಾಡಿದ ದಿನ ಮಗು ಕಿರುಚಿ ಅತ್ತಾಗ ಅವನು ಮಾತ್ರ ಸಂತೋಷದಲ್ಲಿ, ಕೇಳಿತು, ಅವಳಿಗೆ ಕೇಳಿತು ಎನ್ನುತ್ತ ಅಲ್ಲಿದ್ದ ನರ್ಸುಗಳಿಗೆಲ್ಲ ಹೇಳುತ್ತ ತಿರುಗಿದ್ದ. ವಿಚಿತ್ರವೆಂದರೆ ಮಗುವಿಗೆ ಕೈಯ ಮಾತು ಕೊಟ್ಟವನೂ ಅವನೇ. ಬೈಕಂಪಾಡಿಯ ವರ್ಕ್‌ಶಾಪಿನಿಂದ ಸಂಜೆ ಬಂದವನು ಬೈಕು ನಿಲ್ಲಿಸುವ ಮೊದಲು ಮುಂದಿನ ಚಕ್ರವನ್ನು ಗೇಟಿಗೆ ಒತ್ತಿ ಹಿಡಿಯುತ್ತಿದ್ದ. ಇಂಜಿನ್ನಿನ ನಡುಕ ಗೇಟಿಗೆ ಬರುತ್ತಿತ್ತು. ಒಳಗಡೆಯಿಂದ ಗೇಟಿನ ಸರಳುಗಳನ್ನು ಎರಡು ಕೈಯಲ್ಲಿ ಹಿಡಿದು ನಿಂತ ಮೋಕ್ಷಾಳ ಕೈಗೆ ಬರುತ್ತಿತ್ತು, ಕೆನ್ನೆಗೆ ಬರುತ್ತಿತ್ತು. ಅವಳಿಗೆ ಅಪ್ಪ ಎಂದರೆ ಎದೆಯ ಮುಂದೆ ಹಿಡಿದ ಎರಡು ಪುಟ್ಟ ಮುಷ್ಟಿ, ಸಣ್ಣಗೆ ನಡುಗುವ ಮುಷ್ಟಿ. ಯಾರೂ ಕಲಿಸಿದ್ದಲ್ಲ.

ಆ ಮುಷ್ಟಿಯನ್ನು ನೋಡಿಯೂ ನೋಡದ ಹಾಗೆ ಕೂರಬೇಕು. ಅಷ್ಟೇ ಕೇಳುತ್ತಿರುವುದು ಇವರು.

ಮಗುವಿನ ತಂದೆಯೂ ಬರಬೇಕು, ಗಂಡಸರ ದಪ್ಪ ಸ್ವರ ಈ ಮಕ್ಕಳಿಗೆ ಬೇಗ ಹಿಡಿಯುತ್ತದೆ ಎಂದರು ರೈಹಾನಾ ಮೇಡಂ. ಅಕ್ಷಿತಾ ಅವರ ಮುಖ ನೋಡಿದಳು. ಬಹರೈನ್‌ನಲ್ಲಿದ್ದಾರೆ ಎಂದಳು. ತನ್ನ ಬಾಯಿಯಿಂದ ಬಂದ ಆ ಊರಿನ ಹೆಸರನ್ನು ತಾನೇ ಕೇಳಿದಳು. ಅವಳಿಗೆ ಬಹರೈನ್‌ನಲ್ಲಿ ಗುರುತಿನವರು ಒಬ್ಬರೂ ಇರಲಿಲ್ಲ. ಈ ಊರಿನಲ್ಲಿ ಅದು ಯಾರೂ ತಿರುಗಿ ಪ್ರಶ್ನೆ ಕೇಳದ ಉತ್ತರ. ಕೇಳಲಿಲ್ಲ ಕೂಡ. ನಮ್ಮಲ್ಲಿ ಅರ್ಧ ಮಕ್ಕಳದ್ದು ಅದೇ ಕಥೆ, ವಾಟ್ಸಾಪಿನಲ್ಲಿ ಮಾತಾಡಿ ಕಳಿಸಲಿಕ್ಕೆ ಹೇಳಿ, ನಾವು ಅದನ್ನೇ ಹಾಕಿ ಕೇಳಿಸ್ತೇವೆ ಎಂದು ಮೇಡಂ ನಕ್ಕರು. ಅಕ್ಷಿತಾಳ ಮೊಬೈಲಿನಲ್ಲಿ ಅವನ ದನಿ ಇತ್ತು. ಬರುವಾಗ ಎಂತ ತರಬೇಕು, ಮೊಟ್ಟೆ ಉಂಟಾ ಮನೆಯಲ್ಲಿ, ಕೂಳೂರು ಸೇತುವೆ ಹತ್ರ ಬ್ಲಾಕ್ ಮಾರಾಯ್ತಿ, ನೀನು ಊಟ ಮಾಡು. ಕಾಲೇಜಿನಲ್ಲಿ ದಿನಕ್ಕೆ ಮೂರು ಗಂಟೆ ಸಮಾಜಶಾಸ್ತ್ರ ಹೇಳುವ ಹೆಂಗಸು ತಾನು, ಸಾವಿನ ಆಚರಣೆಗಳ ಬಗ್ಗೆ ಒಂದು ಇಡೀ ಪಾಠವೇ ಉಂಟು ಪಠ್ಯದಲ್ಲಿ, ಅದನ್ನು ಈ ವರ್ಷವೂ ಬಿಡದೆ ಮಾಡಿದವಳು, ಸತ್ತಿದ್ದಾರೆ ಎಂಬ ಒಂದು ಮಾತು ಹೇಳಲಾರದೆ ಗಂಡನನ್ನು ಬಹರೈನ್‌ಗೆ ಕಳಿಸಿಬಿಟ್ಟಳು. ಮೇಡಂ ಬಾಗಿಲವರೆಗೆ ಬಂದರು. ಒಂದು ಜಾಗ ಮಾತ್ರ ಖಾಲಿ ಉಂಟು, ನಿಮಗೆ ಅಂತ ಇಟ್ಟಿದ್ದೇನೆ, ನಾಳೆ ಬೆಳಿಗ್ಗೆ ಹೇಳಿಬಿಡಿ, ತಡವಾದಷ್ಟೂ ಮಾತು ದೂರ ಹೋಗ್ತದೆ ಎಂದರು. ಮೋಕ್ಷಾಳ ತಲೆ ಸವರಿದರು. ಒಳ್ಳೆಯ ಹೆಂಗಸು.

ಇನ್ನೊಂದು ಶಾಲೆಯನ್ನೂ ನೋಡಲಿಕ್ಕಿತ್ತು. ರಿಕ್ಷಾದವನಿಗೆ ಕುಲಶೇಖರ ಎಂದಳೇ ಹೊರತು ಯಾವ ದಾರಿಯಲ್ಲಿ ಎಂದು ಹೇಳಲು ಮರೆತಳು. ಮರೆಯುತ್ತಿರಲಿಲ್ಲ ಎಂದೂ, ರೋಷನ್ ಸತ್ತ ಜಾಗವನ್ನು ತಪ್ಪಿಸಿಯೇ ಹೋಗುತ್ತಿದ್ದಳು. ನಂತೂರಿನ ಲಾರಿಗಳ ಸದ್ದು ಕಿವಿಗೆ ಬಿದ್ದಾಗ ತಡವಾಗಿತ್ತು. ಸರ್ಕಲ್ಲಿನಲ್ಲಿ ಟ್ಯಾಂಕರುಗಳು, ಬಸ್ಸುಗಳು, ಎಲ್ಲರಿಗೂ ಮೊದಲು ನುಗ್ಗುವ ಅವಸರ. ಮೋಕ್ಷಾ ರಿಕ್ಷಾದ ಕಂಬಿಯನ್ನು ಹಿಡಿದು ಕುಳಿತಿದ್ದಳು, ಅದರ ನಡುಕಕ್ಕೆ ಅವಳ ಮುಖ ಅರಳಿತ್ತು. ಅಕ್ಷಿತಾ ರಸ್ತೆ ನೋಡಲಿಲ್ಲ, ರಿಕ್ಷಾದವನ ಖಾಕಿ ಅಂಗಿಯ ಬೆನ್ನ ಮೇಲಿನ ಬೆವರಿನ ಗುರುತನ್ನು ನೋಡಿದಳು. ಅಪಘಾತವಾದ ಆ ಸಂಜೆ ಗೇಟಿನ ಬಳಿಯಿಂದ ಮಗುವನ್ನು ಎಳೆದು ಒಳಗೆ ತಂದು ಊಟಕ್ಕೆ ಕೂರಿಸಿದ್ದಳು. ತಡವಾಗಿದೆ, ನಿನ್ನ ಅಪ್ಪನಿಗೆ ಮನೆಯ ನೆನಪಿಲ್ಲ ಎಂದು, ಮಾತು ತಿಳಿಯದ ಮಗುವಿನ ಹತ್ತಿರ ಬೈದಿದ್ದಳು. ಆಗ ಗೇಟು ನಡುಗಿತು. ಹೇಗೆ ತಿಳಿಯಿತೋ, ನೆಲದಿಂದಲೋ, ಮೋಕ್ಷಾ ಅನ್ನದ ಕೈಯಲ್ಲೇ ಓಡಿದಳು, ಎರಡು ಮುಷ್ಟಿಯನ್ನೂ ಎದೆಯ ಮುಂದೆ ಹಿಡಿದು ನಡುಗಿಸುತ್ತ. ಗೇಟಿಗೆ ಚಕ್ರ ತಾಗಿಸಿ ನಿಂತಿದ್ದವನು ವರ್ಕ್‌ಶಾಪಿನ ಮುಖೇಶ್. ಇಂಜಿನ್ ಆರಿಸಲು ಮರೆತಿದ್ದ. ಹೆಲ್ಮೆಟ್ಟನ್ನೂ ತೆಗೆಯದೆ, ಅಕ್ಕಾ, ಅಕ್ಕಾ ಎನ್ನುತ್ತಿದ್ದ. ಮಗು ಅವನನ್ನು ನೋಡಿತು, ಅವನ ಹಿಂದೆ ರಸ್ತೆಯನ್ನು ನೋಡಿತು, ಮುಷ್ಟಿಗಳನ್ನು ಇಳಿಸಲಿಲ್ಲ.

ಮರುದಿನ ಮೋಕ್ಷಾಳನ್ನು ಪಕ್ಕದ ಮನೆಯ ಮಟಿಲ್ಡಾಬಾಯಿ ಕರೆದುಕೊಂಡು ಹೋಗಿ ಸಂಜೆಯವರೆಗೆ ಇಟ್ಟುಕೊಂಡರು. ಹೆಣವನ್ನು ಮಕ್ಕಳು ನೋಡಬಾರದು ಎಂದು ಎಲ್ಲರೂ ಹೇಳಿದರು. ಆಮೇಲೆ ಮಗು ಬಂದು ಮುಷ್ಟಿ ನಡುಗಿಸಿ ಹುಬ್ಬೇರಿಸಿದಾಗ ಮನೆಯಲ್ಲಿದ್ದ ಸನ್ನೆಗಳಲ್ಲಿ ಇದಕ್ಕೆ ಬೇಕಾದದ್ದು ಇರಲಿಲ್ಲ. ಊಟ ಇತ್ತು, ನಿದ್ದೆ ಇತ್ತು, ಹಾಲು, ಬೆಕ್ಕು, ಸ್ನಾನ, ಬೇಡ, ನೋವು ಇತ್ತು. ತಲೆಗೆ ಹೆಲ್ಮೆಟ್ ಹಾಕಿಕೊಳ್ಳುವಂತೆ ಎರಡು ಕೈ ಇಳಿಸಿದರೆ ಕೆಲಸಕ್ಕೆ ಹೋಗಿದ್ದಾರೆ ಎಂದು. ಅಕ್ಷಿತಾ ಹೆಲ್ಮೆಟ್ ಹಾಕಿಕೊಂಡಳು. ಅಂದಿನಿಂದ ಅವನು ಕೆಲಸದಲ್ಲಿದ್ದಾನೆ.

ಕೈಯ ಮಾತು ಕಲಿಸುವ ಕುಲಶೇಖರದ ಶಾಲೆ ಎಂದರೆ ಒಂದು ಹಂಚಿನ ಮನೆಯ ಜಗಲಿ ಮತ್ತು ಒಂದು ಕೋಣೆ. ಸೋನಿಯಾ ಟೀಚರಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಅವರ ತಮ್ಮ ಫ್ಲೋಯ್ಡ್‌ಗೆ ಕೇಳುತ್ತದೆ, ಅಕ್ಕನ ಕೈಯ ಮಾತನ್ನು ಅವನು ಬಾಯಲ್ಲಿ ಹೇಳುತ್ತಾನೆ, ಬಂದವರ ಬಾಯ ಮಾತನ್ನು ಕೈಯಲ್ಲಿ ಅಕ್ಕನಿಗೆ ಹೇಳುತ್ತಾನೆ. ಚಾಪೆಯ ಮೇಲೆ ನಾಲ್ಕೈದು ಮಕ್ಕಳು. ಅಕ್ಷಿತಾಳಿಗೆ ಮೊದಲು ಕಂಡದ್ದು ಅವರ ಗಲಾಟೆ. ಶಬ್ದವಿಲ್ಲದೆ ಇಷ್ಟು ಗಲಾಟೆ ಮಾಡಬಹುದೆಂದು ಅವಳಿಗೆ ತಿಳಿದಿರಲಿಲ್ಲ. ಒಬ್ಬಳು ಇನ್ನೊಬ್ಬಳ ಮಾತಿಗೆ ನಡುವೆ ಕೈ ಹಾಕುತ್ತಿದ್ದಳು, ಅವಳು ಸಿಟ್ಟಿನಲ್ಲಿ ಬೆನ್ನು ತಿರುಗಿಸಿ ಕೂತು ಕೇಳುವುದನ್ನೇ ನಿಲ್ಲಿಸಿದಳು. ಫ್ಲೋಯ್ಡ್ ಸುತ್ತಿ ಬಳಸಿ ಮಾತಾಡುವವನಲ್ಲ. ಇಲ್ಲಿಗೆ ಬಂದರೆ ಬಾಯಿ ಮಾತು ಬರುತ್ತದೆಂದು ತಾನು ಹೇಳುವುದಿಲ್ಲ, ಬರಲೂಬಹುದು, ಬರದೆಯೂ ಇರಬಹುದು, ಒಂದನೆಯ ಕ್ಲಾಸಿಗೆ ಎಲ್ಲಿಗೆ ಕಳಿಸುವುದು ಎಂದು ಕೇಳಿದರೆ ಅದಕ್ಕೂ ತನ್ನ ಹತ್ತಿರ ಸರಿಯಾದ ಉತ್ತರ ಇಲ್ಲ ಎಂದ. ಅಕ್ಕ ಅವನ ಭುಜಕ್ಕೆ ತಟ್ಟಿ ಏನೋ ಹೇಳಿದರು. "ನಾನು ಎರಡು ಮಾತು ಹೇಳಿದ್ರೆ ನೀನು ಇಪ್ಪತ್ತು ಹೇಳ್ತಿ ಅಂತ ಕಂಪ್ಲೇಂಟು," ಎಂದ ಫ್ಲೋಯ್ಡ್. "ಇದು ದಿನಾ ಉಂಟು. ನೀವು ಕೂತುಕೊಳ್ಳಿ."

ಸೋನಿಯಾ ಟೀಚರ್ ಚಾಪೆಯ ಮೇಲೆ ಮೋಕ್ಷಾಳ ಎದುರು ಕೂತರು. ಅಕ್ಷಿತಾಳನ್ನು ತೋರಿಸಿ, ಇದು ಯಾರು, ಅಮ್ಮನಾ? ಮೋಕ್ಷಾ ಹೌದೆಂದಳು. ಅಪ್ಪ? ಟೀಚರ್ ಮೀಸೆ ತಿರುವಿ ತೋರಿಸಿದರು. ಮೋಕ್ಷಾ ತಲೆ ಅಲ್ಲಾಡಿಸಿದಳು. ಮೀಸೆ ಅಲ್ಲ. ಎರಡು ಮುಷ್ಟಿಗಳನ್ನು ಎದೆಯ ಮುಂದೆ ತಂದು ನಡುಗಿಸಿದಳು. ಟೀಚರಿಗೆ ಅರ್ಥವಾಗಲಿಲ್ಲ. ಅವರು ಆ ಮುಷ್ಟಿಗಳ ಮೇಲೆ ತಮ್ಮ ಎರಡು ಕೈ ಮುಚ್ಚಿದರು, ನಡುಕವನ್ನು ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದರು, ಆಮೇಲೆ ತಾವೂ ಹಾಗೆಯೇ ಮಾಡಿದರು. ಚಾಪೆಯ ಮೇಲಿದ್ದ ಮಕ್ಕಳು ತಿರುಗಿ ನೋಡಿದರು. ಹೊಸ ಹುಡುಗಿಯ ಅಪ್ಪನ ಹೆಸರು ಇದು ಎಂದು ಟೀಚರ್ ಹೇಳಿರಬೇಕು. ಒಬ್ಬರಾದ ಮೇಲೆ ಒಬ್ಬರು ಅವರೆಲ್ಲ ಮುಷ್ಟಿ ಹಿಡಿದು ನಡುಗಿಸಿದರು. ಸಿಟ್ಟು ಮಾಡಿ ಕೂತಿದ್ದವಳೂ ಮಾಡಿದಳು. ಮೋಕ್ಷಾ ಒಬ್ಬೊಬ್ಬರ ಕೈಯನ್ನೂ ನೋಡಿದಳು. ಹೊರಗಿನವರು ಅವಳ ಅಪ್ಪನನ್ನು ಹೆಸರು ಹಿಡಿದು ಕರೆದದ್ದನ್ನು ಅವಳು ಕಂಡದ್ದು ಅದೇ ಮೊದಲು.

"ಅಪ್ಪ ಕೆಲಸಕ್ಕೆ ಹೋಗಿದ್ದಾರಂತೆ," ಫ್ಲೋಯ್ಡ್ ಹೇಳುತ್ತಿದ್ದ. ಮೋಕ್ಷಾಳ ಕೈಗಳು ಹೆಲ್ಮೆಟ್ಟಿನಿಂದ ಕೆಳಗಿಳಿದಿದ್ದವು. "ಅಕ್ಕ ಕೇಳ್ತಾ ಇದ್ದಾಳೆ, ಯಾವಾಗ ಬರುದು ಅಂತ. ಮಗುವಿಗೆ ಗೊತ್ತಿಲ್ಲ. ಅಕ್ಕ ಈಗ ನಿಮ್ಮ ಹತ್ರ ಕೇಳ್ತಾಳೆ."

ಬಹರೈನ್ ನಾಲಿಗೆಯ ಮೇಲೆಯೇ ಇತ್ತು. ಆದರೆ ಫ್ಲೋಯ್ಡ್ ಎರಡು ಕೈಗಳನ್ನೂ ಎತ್ತಿ ಕಾಯುತ್ತಿದ್ದ, ಅವಳು ಹೇಳಿದ್ದನ್ನು ಹಾಗೆಯೇ ಗಾಳಿಯಲ್ಲಿ ಇಡಲು, ಮತ್ತು ಮೋಕ್ಷಾ ಆ ಕೈಗಳನ್ನೇ ನೋಡುತ್ತ ಕೂತಿದ್ದಳು. ಈ ಮನೆಯಲ್ಲಿ ಮಗುವಿಗೆ ಕಾಣದ ಹಾಗೆ ಏನನ್ನೂ ಹೇಳುವಂತಿಲ್ಲ. ಸುಳ್ಳನ್ನೂ, ನಿಜವನ್ನೂ. ಫ್ಲೋಯ್ಡ್‌ನ ಕೈಗಳು ಹಾಗೆಯೇ ಖಾಲಿ ನಿಂತವು.

ಸೋನಿಯಾ ಟೀಚರ್ ಅವಳ ಮುಖವನ್ನು ನೋಡಿದರು. ಮೋಕ್ಷಾಳನ್ನು ಬಣ್ಣದ ಬ್ಲಾಕುಗಳ ಬುಟ್ಟಿಯ ಕಡೆ ತಿರುಗಿಸಿ, ಅವಳಿಗೆ ಬೆನ್ನು ಮಾಡಿ, ಎದೆಯ ಹತ್ತಿರ ಸಣ್ಣದಾಗಿ ಒಂದು ಕೈ ಹಿಡಿದರು. ಅಂಗೈ ಮೇಲೆ ಮಾಡಿದ ಕೈ. ಅದು ನಿಧಾನವಾಗಿ ಮಗುಚಿತು. ತೀರಿಹೋದರಾ ಎಂಬ ಆ ಪ್ರಶ್ನೆಯನ್ನು ಫ್ಲೋಯ್ಡ್ ಬಾಯಲ್ಲಿ ಹೇಳಲಿಲ್ಲ. ಅಕ್ಷಿತಾ ಕಣ್ಣು ಮುಚ್ಚಿ ತೆರೆದಳು, ಅದೇ ಉತ್ತರವಾಯಿತು. ಅವಳ ಕೈ ತಾನಾಗಿ ಎದ್ದು ಹಾಗೆಯೇ ಮಾಡಿ ನೋಡಿತು. ಟೀಚರ್ ಮುಂದೆ ಬಂದು ಅವಳ ಮಣಿಕಟ್ಟು ಹಿಡಿದರು. ಇಷ್ಟು ಬೇಗ ಅಲ್ಲ ಎಂಬಂತೆ, ಮಗುಚುವಾಗ ಕೈಯನ್ನು ತಡೆದು ತಡೆದು ಇಳಿಸಿದರು.

ಮಗುವಿಗೆ ನೀವೇ ಹೇಳಿ ಎಂದು ಅಕ್ಷಿತಾ ಕೇಳಿದಳು. ಫ್ಲೋಯ್ಡ್ ಅದನ್ನು ಅಕ್ಕನಿಗೆ ದಾಟಿಸಿದ. ಅಕ್ಕ ಹೇಳಿದ್ದನ್ನು ಈ ಸಲ ಉದ್ದ ಮಾಡಲಿಲ್ಲ. "ಮನೆಯಲ್ಲಿ ಹೇಳಬೇಕಂತೆ. ಇಲ್ಲಿ ಹೇಳಿದ್ರೆ ಅದು ಪಾಠ ಆಗ್ತದಂತೆ."

ಮರೋಳಿಯ ಮನೆಗೆ ಬಂದಾಗ ಮಧ್ಯಾಹ್ನ ಕಳೆದಿತ್ತು. ಗೇಟಿನ ಬಳಿ ಮೋಕ್ಷಾ ತಲೆಯಿಂದ ಬಿಲ್ಲೆ ಕಿತ್ತು ಗೇಟಿಗೆ ಅಂಟಿಸಿದಳು. ದಿನಾ ಹೀಗೆಯೇ. ಅಯಸ್ಕಾಂತ ಕಬ್ಬಿಣಕ್ಕೆ ಟಕ್ಕೆಂದು ಹಿಡಿಯುತ್ತದೆ, ಯಂತ್ರ ವೈರಿನಲ್ಲಿ ನೇತಾಡುತ್ತದೆ. ಗೇಟಿಗೆ ಒಂದು ಕಿವಿ ಕೊಟ್ಟ ಹಾಗೆ. ಅಕ್ಷಿತಾ ಅದನ್ನು ಬಿಡಿಸಿ ಸೆರಗಿನಲ್ಲಿ ಒರೆಸಿ ಒಳಗೆ ಬಂದಳು. ಮನೆ ತುಂಬ ಕೋಳಿ ಮಸಾಲೆ ಹುರಿದ ವಾಸನೆ. ಮಳೆಗಾಲದ ಆಟಿ ತಿಂಗಳು, ಮನೆಯಲ್ಲಿ ತೀರಿಕೊಂಡವರಿಗೆ ಬಡಿಸುವ ದಿನ ಎಂಬುದು ಬೆಳಿಗ್ಗೆ ಗೊತ್ತಿತ್ತು, ಆಮೇಲೆ ಎಲ್ಲಿಯೋ ಬಿದ್ದುಹೋಗಿತ್ತು. ಸತ್ತವನಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ಒಳಕೋಣೆಯಲ್ಲಿ ಬಾಳೆಲೆಯ ಮೇಲೆ ಬಡಿಸಿ, ದೀಪ ಇಟ್ಟು, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಮಾತಿಲ್ಲದೆ ಕೂರಬೇಕು. ಅವನು ಬಂದು ಉಂಡು ಹೋದ ಮೇಲೆ ಬಾಗಿಲು ತೆರೆಯುವುದು. ಅತ್ತೆ ದೇಯಿ ನಸುಕಿನಿಂದ ಒಂಟಿಯಾಗಿ ದುಡಿದಿದ್ದರು. ಕೋಳಿ ಸಾರಿನ ಕೋರಿ ರೊಟ್ಟಿ, ಬಂಗುಡೆ ಮೀನಿನ ಪುಳಿಮುಂಚಿ, ಅವನಿಗೆ ಉಪ್ಪು ಸ್ವಲ್ಪ ಜಾಸ್ತಿ ಬೇಕೆಂದು ಅದನ್ನೂ ಜಾಸ್ತಿ ಹಾಕಿದ್ದರು. ಮಾವ ಮಾಯಿಲಪ್ಪ ಪೇಟೆಗೆ ಹೋಗಿ ಗಡ್‌ಬಡ್ ಐಸ್‌ಕ್ರೀಮ್ ತಂದಿದ್ದರು. ಸತ್ತವರಿಗೆ ಐಸ್‌ಕ್ರೀಮ್ ಇಡುವುದುಂಟಾ ಎಂದು ಅತ್ತೆ ತುಳುವಿನಲ್ಲಿ ಕೇಳಿದರಂತೆ, ಅವನು ಕಳ್ಳು ಕುಡಿಯುತ್ತಿರಲಿಲ್ಲ, ಮತ್ತೆ ಎಂತ ಇಡುವುದು ಎಂದರಂತೆ ಇವರು. ಫ್ರಿಜ್ಜಿನ ಬಾಗಿಲು ತೆರೆದು ಅದು ಕರಗಿಲ್ಲ ತಾನೇ ಎಂದು ಮತ್ತೆ ಮತ್ತೆ ನೋಡುತ್ತಿದ್ದರು.

ಎಂತ ಮಾಡಿದಿ, ಯಾವ ಶಾಲೆ, ಎಂದು ಮಾವ ಕೇಳಿದರು. ಇನ್ನೂ ತೀರ್ಮಾನಿಸಿಲ್ಲ, ನಾಳೆ ಬೆಳಿಗ್ಗೆ ಹೇಳಬೇಕು ಎಂದಳು. ಇದರಲ್ಲಿ ತೀರ್ಮಾನಿಸಲಿಕ್ಕೆ ಎಂತ ಉಂಟು ಎನ್ನುವ ಹಾಗೆ ಅವರು ಫ್ರಿಜ್ಜಿನ ಬಾಗಿಲು ಮುಚ್ಚಿದರು. "ಅವನು ಎಂತ ಬಯಸಿದ್ದ ಅಂತ ನಿನಗೆ ನಾನು ಹೇಳಬೇಕಾ ಮಗಾ?" ಅಷ್ಟೇ ಅಂದದ್ದು. ಇಲ್ಲ, ಹೇಳಬೇಕಾಗಿರಲಿಲ್ಲ.

ಕತ್ತಲಾಗುವ ಮೊದಲು ಬಡಿಸಿದರು. ಮಾವ ಎಲೆಯ ತುದಿಯಲ್ಲಿ ಐಸ್‌ಕ್ರೀಮಿನ ಕಪ್ಪು ಇಟ್ಟು ಅದರಲ್ಲಿ ಚಮಚ ನಿಲ್ಲಿಸಿದರು. ಅಕ್ಷಿತಾ ಅಡುಗೆಮನೆಯಿಂದ ರೊಟ್ಟಿಯ ತಟ್ಟೆ ಹಿಡಿದು ಬರುವಾಗ ನಡುವೆಯೇ ನಿಂತಳು. ಅತ್ತೆ ಮೋಕ್ಷಾಳ ಎದುರು ಮಂಡಿಯೂರಿದ್ದರು. ಮುಷ್ಟಿ ಎರಡನ್ನೂ ನಡುಗಿಸಿ, ಕೈಬೆರಳು ಕೂಡಿಸಿ ಬಾಯಿಗೆ ತಂದು, ಒಳಕೋಣೆಯ ಕಡೆ ತೋರಿಸುತ್ತಿದ್ದರು. ಅಪ್ಪ. ಊಟ. ಅಲ್ಲಿ. ಮಗುವಿನ ಮುಖ ಅರಳಿದ್ದನ್ನು ಅಕ್ಷಿತಾ ನೋಡಿದಳು. ತಟ್ಟೆ ಬೀಳಿಸಬೇಕೆನಿಸಿತು, ಕೂಗಬೇಕೆನಿಸಿತು, ಎರಡನ್ನೂ ಮಾಡಲಿಲ್ಲ. ಅತ್ತೆ ಸುಳ್ಳು ಹೇಳಿದ್ದಲ್ಲ. ಅತ್ತೆಯ ಪಾಲಿಗೆ ಅವನು ಬರುತ್ತಾನೆ, ಹಸಿದು ಬರುತ್ತಾನೆ, ಉಂಡು ಹೋಗುತ್ತಾನೆ. ಅದಕ್ಕೇ ತಾನೇ ಉಪ್ಪು ಜಾಸ್ತಿ ಹಾಕಿದ್ದು. ಮೊಮ್ಮಗಳಿಗೆ ಗೊತ್ತಿರುವ ಸನ್ನೆಗಳಲ್ಲಿ ಅದನ್ನು ಬೇರೆ ಹೇಗೆ ಹೇಳುತ್ತಾರೆ? ಹೆಲ್ಮೆಟ್ ಹಾಕಿ ಸುಳ್ಳು ಹೇಳಿದವಳು ತಾನು.

ಮಾವ ಬಾಗಿಲು ಎಳೆದರು. ಮೂವರೂ ಗೋಡೆಗೆ ಒರಗಿ ಕೂತರು. ಯಾರೂ ಮಾತಾಡುವಂತಿಲ್ಲ, ಕೆಮ್ಮುವಂತಿಲ್ಲ. ಹೊರಗೆ ಯಾರದೋ ಮನೆಯ ಕುಕ್ಕರು ಕೂಗಿತು. ಈ ಮೌನ ಹಿರಿಯರಿಗೆ ಭಾರವಾಗಿತ್ತು, ಮೋಕ್ಷಾಳಿಗೆ ಅದರ ಸುಳಿವೂ ಇರಲಿಲ್ಲ. ಅವಳು ಮುಚ್ಚಿದ ಬಾಗಿಲಿಗೆ ಎರಡು ಅಂಗೈ ಇಟ್ಟಳು. ಕೆನ್ನೆ ಇಟ್ಟಳು. ಬಗ್ಗಿ ಹೊಸ್ತಿಲ ಬಳಿ ನೆಲಕ್ಕೆ ಕೈಯಿಟ್ಟು ಕಾದಳು. ಏನೂ ನಡುಗಲಿಲ್ಲ. ಅಕ್ಷಿತಾ ಕೈ ಚಾಚಿ ಅವಳನ್ನು ತೊಡೆಯ ಮೇಲೆ ಎಳೆದುಕೊಂಡಳು. ಮಾವ ಕಣ್ಣು ಮುಚ್ಚಿದ್ದರು. ಅತ್ತೆ ನೋಡುತ್ತಿದ್ದರು. ಅಕ್ಷಿತಾ ಮುಷ್ಟಿಗಳನ್ನು ಎದೆಯ ಮುಂದೆ ತಂದು ನಡುಗಿಸಿದಳು. ಆಮೇಲೆ ಒಂದು ಕೈಯನ್ನು ಅಂಗೈ ಮೇಲೆ ಮಾಡಿ ಹಿಡಿದು, ಕುಲಶೇಖರದಲ್ಲಿ ಕಲಿಸಿದ ಹಾಗೆ ತಡೆದು ತಡೆದು ಮಗುಚಿದಳು.

ಮೋಕ್ಷಾ ಗಮನವಿಟ್ಟು ನೋಡಿದಳು. ಹೊಸತು. ತನ್ನ ಕೈಯನ್ನೂ ಹಾಗೆಯೇ ಹಿಡಿದು, ನಾಲಿಗೆ ತುದಿ ಹೊರಗೆ ಹಾಕಿ, ಜಾಗ್ರತೆಯಿಂದ ಮಗುಚಿದಳು. ಬಹಳ ಚೆನ್ನಾಗಿ ಮಾಡಿದಳು, ಅಮ್ಮನಿಗಿಂತ ಚೆನ್ನಾಗಿ. ಮಾಡಿ, ಅಮ್ಮನ ಮುಖ ನೋಡಿ ನಕ್ಕಳು, ಚಪ್ಪಾಳೆ ಹೊಡೆಯಲಿ ಎಂದು. ಅಕ್ಷಿತಾ ಅವಳ ಕೈಯನ್ನು ಹಿಡಿದು ತನ್ನ ಬಾಯಿಗೆ ಒತ್ತಿಕೊಂಡಳು. ತೊಡೆಯಿಂದ ಜಾರಿ ಮೋಕ್ಷಾ ಮತ್ತೆ ಹೊಸ್ತಿಲಿಗೆ ಹೋದಳು.

ಮಾವ ಎದ್ದು ಬಾಗಿಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರು, ಒಳಗಿರುವವನಿಗೆ ತಿಳಿಯಲೆಂದು. ತೆರೆದರು. ಅವರ ಕಾಲಿನ ಸಂದಿನಿಂದ ಮೋಕ್ಷಾ ಮೊದಲು ಒಳಗೆ ನುಗ್ಗಿದಳು. ದೀಪ ಉರಿಯುತ್ತಿತ್ತು. ಅವಳು ಬಾಗಿಲ ಹಿಂದೆ ನೋಡಿದಳು. ಕಪಾಟಿನ ಸಂದಿಯಲ್ಲಿ ನೋಡಿದಳು. ಕಿಟಕಿಗೆ ಸರಳಿತ್ತು. ಎಲೆಯ ಬಳಿಗೆ ಬಂದು ನಿಂತಳು. ಕೋಳಿ ಸಾರಿನ ಮೇಲೆ ಎಣ್ಣೆ ಕೆನೆಗಟ್ಟಿತ್ತು, ಬಂಗುಡೆ ಇಡೀ ಹಾಗೆಯೇ ಇತ್ತು. ಅವಳು ಅದನ್ನೆಲ್ಲ ಬಿಟ್ಟು ಐಸ್‌ಕ್ರೀಮಿನ ಕಪ್ಪನ್ನು ನೋಡಿದಳು. ಕೆಂಪು, ಹಳದಿ, ಹಸಿರು ಎಲ್ಲ ಕರಗಿ ಒಂದೇ ಮಂಕು ಬಣ್ಣವಾಗಿ ಅಂಚಿನವರೆಗೆ ತುಂಬಿ ನಿಂತಿತ್ತು, ಚಮಚ ಒಂದು ಕಡೆಗೆ ವಾಲಿತ್ತು. ಭಾನುವಾರಗಳಲ್ಲಿ ಅವನು ಕಪ್ಪಿನ ತಳವನ್ನು ಕೆರೆದು ಕೆರೆದು ತಿನ್ನುತ್ತಿದ್ದ, ಕೊನೆಯ ಚಮಚವನ್ನು ಮಗುವಿನ ಬಾಯಿಗೆ ಇಡುತ್ತಿದ್ದ. ಅವನು ಅದನ್ನು ಬಿಟ್ಟು ಹೋದದ್ದಿಲ್ಲ.

ಮೋಕ್ಷಾ ಬಹಳ ಹೊತ್ತು ಕಪ್ಪನ್ನು ನೋಡಿದಳು. ಮುಟ್ಟಲಿಲ್ಲ. ತಿರುಗಿದಳು. ಎರಡು ಮುಷ್ಟಿ ಎದೆಯ ಮುಂದೆ ಬಂದವು, ನಡುಗಿದವು. ಅವು ಬಿಚ್ಚಿಕೊಂಡು ಒಂದು ಕೈ ಮಾತ್ರ ಉಳಿಯಿತು, ಅಂಗೈ ಮೇಲಾಗಿ. ಅದನ್ನು ಅವಳು ನಿಧಾನವಾಗಿ ಮಗುಚಿದಳು. ನಗುತ್ತಿರಲಿಲ್ಲ. ಹುಬ್ಬೇರಿಸಿ ಅಮ್ಮನನ್ನೇ ನೋಡಿದಳು.

ಅತ್ತೆಯ ಕೈ ಬೆರಳು ಕೂಡಿಸಿಕೊಂಡು ಬಾಯಿಯ ಕಡೆಗೆ ಅರ್ಧ ಎದ್ದು ಅಲ್ಲಿಯೇ ನಿಂತಿತು. ಮಾವ ದೀಪದ ಕಡೆ ಮುಖ ತಿರುಗಿಸಿದರು. ಕೈಯಲ್ಲಿ ಹೇಳಿದ್ದಕ್ಕೆ ತಲೆ ಗಟ್ಟಿ ಹಿಡಿಯಬೇಕು, ರೈಹಾನಾ ಮೇಡಂ ಹೇಳಿದ ಹಾಗೆ. ಈಗ ಹಿಡಿದರೆ ಒಂದು ದಿನ ಈ ಮಗು ಬಾಯಿ ತೆರೆದು ಅಪ್ಪ ಎನ್ನಬಹುದು, ಗಾಜಿನ ಆಚೆಯವಳು ಆನೆ ಬಂತು ಎಂದ ಹಾಗೆ. ತಲೆಯಾಡಿಸಿದರೆ ನಾಳೆ ಬೆಳಿಗ್ಗೆ ಅತ್ತಾವರದ ಆ ಜಾಗ ಬೇರೆ ಯಾರದೋ ಮಗಳದ್ದಾಗುತ್ತದೆ. ಕೂಳೂರು ಸೇತುವೆ ಹತ್ರ ಬ್ಲಾಕ್ ಮಾರಾಯ್ತಿ, ನೀನು ಊಟ ಮಾಡು.

ಮೋಕ್ಷಾಳ ಕೈ ಇನ್ನೂ ಇಳಿದಿರಲಿಲ್ಲ. ಮಗುಚಿದ್ದು ಮಗುಚಿದ ಹಾಗೆಯೇ ನಿಂತು ಕಾಯುತ್ತಿತ್ತು.

ಅಕ್ಷಿತಾ ಹೌದೆಂದು ತಲೆಯಾಡಿಸಿದಳು.